‘ಊರಿಗೆ’ ಎಂಬ ಆಟಿಕೆ

ಆಟಿಕೆಗಳಿಗೂ ಚಿತ್ರಪುಸ್ತಕಗಳಿಗೂ ನನ್ನ ಭಾವನ ಮನೆಯಲ್ಲಿ ಸಿಗುವಷ್ಟು ರಕ್ಷಣೆ ಇಡೀ ಕುವೈತಿನಲ್ಲಿ ಇನ್ನೆಲ್ಲೂ ಸಿಗಲಾರದು. ರಕ್ಷಣೆ ಯಾರಿಂದ ಅಂತೀರಾ? ಮಕ್ಕಳಿಂದ!

ಭಾವ ಎಂದರೆ ನನ್ನ ಅಕ್ಕನ ಗಂಡ. ಯಾವುದೋ ಕಂಪೆನಿಯಲ್ಲಿ ಸ್ಟೋರ್ ಕೀಪರ್. ಫಿಂಟಾಸ್ ಬಡಾವಣೆಯ ತಮ್ಮ ಫ್ಲ್ಯಾಟೂ ಒಂದು ಸ್ಟೋರೇ ಎಂದು ಅವರ ನಂಬಿಕೆ. ಪಕ್ಕದ ಎಗೈಲಾ ಬಡಾವಣೆಯ ಮಾಲಿನಲ್ಲಿ ಸೇಲ್ ಬೋರ್ಡು ಕಂಡರೆ ಸಾಕು, ಗೊಂಬೆ, ರೈಲು, ಪುಸ್ತಕ ಎಂದು ಚೀಲ ತುಂಬಿಸಿಕೊಂಡು ಬರುತ್ತಾರೆ. ಮನೆಗೆ ಬಂದ ತಕ್ಷಣ ಅವೆಲ್ಲ ರಟ್ಟಿನ ಪೆಟ್ಟಿಗೆಯೊಳಗೆ ಭದ್ರ. ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪಕ್ಷರ: ‘ಊರಿಗೆ’. ಆ ಮಾರ್ಕರ್ ಮಂಗಳೂರಿನ ಮಳೆಗೂ ಅಳಿಸುವುದಿಲ್ಲವಂತೆ. ಬೇಕಾದರೆ ಉಜ್ಜಿ ನೋಡು ಎಂದು ನನಗೆ ಸವಾಲು ಬೇರೆ ಹಾಕಿದ್ದಾರೆ.

ಒಂದು ಗೊಂಬೆಯನ್ನಾದರೂ ಮಗುವಿಗೆ ಕೊಡಿ ಎಂದು ಅಕ್ಕ ಒಮ್ಮೆ ಬಾಯಿಬಿಟ್ಟಳು. ಭಾವ ಅವಳನ್ನು ಮರುಕದಿಂದ ನೋಡಿದರು.

“ಇಲ್ಲಿ ಒಡೆದ್ರೆ ಮತ್ತೆ ಊರಲ್ಲಿ ಎಂತ ತೋರಿಸುದು? ಖಲಾಸ್.”

ಖಲಾಸ್ ಎಂದರೆ ಮುಗಿಯಿತು. ಅವರ ಮನೆಯಲ್ಲಿ ಎಲ್ಲ ಚರ್ಚೆಗಳ ಕೊನೆಯ ಪದ ಅದೇ.

ಪಕ್ಕದ ಫ್ಲ್ಯಾಟಿನ ಬ್ಯಾರಿ ಕುಟುಂಬದ ಮಕ್ಕಳು ಬಂದರೆ ಭಾವ ರೈಲಿನ ಡಬ್ಬವನ್ನು ಇಳಿಸಿ, ಪ್ಲಾಸ್ಟಿಕ್ ಕಿಟಕಿಯಿಂದ ತೋರಿಸಿ, ಮತ್ತೆ ಏರಿಸಿಬಿಡುತ್ತಾರೆ. ಮಕ್ಕಳು ಕೈಕಟ್ಟಿ ದರ್ಶನ ಪಡೆಯಬೇಕು. ಪ್ರಸಾದವಾಗಿ ತಲಾ ಒಂದು ಬಿಸ್ಕಿಟು. ಮಂಗಳಾರತಿ ಒಂದು ಬಾಕಿ!

ನಾಲ್ಕು ವರ್ಷದ ಮಗಳ ಪಾಲಿಗೆ ಉಳಿದದ್ದು ಟೇಪಿನ ಉರುಳೆ, ಥರ್ಮಾಕೋಲಿನ ಚೂರುಗಳು ಮತ್ತು ಲಗೇಜು ತೂಗುವ ಕೊಕ್ಕೆ. ಮನೆಯ ಚಪ್ಪಲಿಗಳನ್ನೆಲ್ಲ ಅವಳು ತೂಗಿ ಮುಗಿಸಿದ್ದಾಳೆ. ನರ್ಸರಿಗೆ ಸೇರಿಸುವಾಗ ಟೀಚರ್, ನಿನ್ನ ಮನೆಯಲ್ಲಿ ಯಾವ ಆಟಿಕೆಗಳಿವೆ ಎಂದು ಕೇಳಿದರಂತೆ. ಇವಳು ಹೆಮ್ಮೆಯಿಂದ ‘ಊರಿಗೆ’ ಎಂದಳಂತೆ. ಹೊರಗೆ ಬಂದ ಮೇಲೆ ಆ ಮಲಯಾಳಿ ಟೀಚರ್, ಈ ಊರಿಗೆ ಎನ್ನುವುದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅಕ್ಕನನ್ನು ವಿಚಾರಿಸಿದರಂತೆ!

ಹಾಗಾದರೆ ಊರಿನ ಮಕ್ಕಳಾದರೂ ಆಡುತ್ತಾರೆಯೇ? ನಾನು ಕಳೆದ ರಜೆಯಲ್ಲಿ ಹೋಗಿ ನೋಡಿ ಬಂದೆ. ಭಾವನ ತಾಯಿ ಅಷ್ಟನ್ನೂ ಡಬ್ಬದ ಸಮೇತ ಗಾಜಿನ ಶೋಕೇಸಿನಲ್ಲಿಟ್ಟು ಬೀಗ ಜಡಿದಿದ್ದರು. “ಫಾರಿನ್‌ದು ಅಲ್ವಾ ಮಗ, ಮಕ್ಕಳು ಹಾಳು ಮಾಡ್ತಾರೆ” ಎಂದರು. ಪಾಪ, ಆ ಆಟಿಕೆಗಳು ಒಂದು ಜೈಲಿನಿಂದ ಇನ್ನೊಂದು ಜೈಲಿಗೆ ವರ್ಗವಾಗಲು ಅರಬ್ಬೀ ಸಮುದ್ರ ದಾಟಿದ್ದವು.

ಪುಸ್ತಕಗಳ ಗತಿಯೂ ಅದೇ. ಒಂದರ ಮುಖಪುಟದಲ್ಲಿ ಕೊಡೆ ಹಿಡಿದ ಆನೆಯೊಂದಿತ್ತು. ಪೆಟ್ಟಿಗೆಗೆ ಹೋಗುವ ಮೊದಲು ಅದನ್ನು ನೋಡಿದ್ದ ಅಕ್ಕನ ಮಗಳು, ನಾನು ಹೋದಾಗಲೆಲ್ಲ ಆ ಆನೆ ಎಲ್ಲಿಗೆ ಹೊರಟಿದೆ ಎಂದು ಕೇಳುತ್ತಿದ್ದಳು. ಪ್ಲಾಸ್ಟಿಕ್ ಬಿಚ್ಚದೆ ನಾನೇನು ಹೇಳಲಿ?

ಈ ಬೇಸಿಗೆಗೆ ಮನೆ ಬಾಡಿಗೆ ಏರಿತು. ಅಕ್ಕ ಮತ್ತು ಮಗು ಊರಿಗೆ ಹೋಗಿ ಅಲ್ಲೇ ಇರುವುದು, ಭಾವ ಒಬ್ಬರೇ ಇಲ್ಲಿ ರೂಮು ಮಾಡುವುದು ಎಂದು ತೀರ್ಮಾನವಾಯಿತು. ಒಂದು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕುಳಿತು ಅದನ್ನೇ ಮಾತಾಡಿದೆವು. “ಮಗುವನ್ನು ಊರಿಗೆ ಕಳಿಸಿದ ಮೇಲೆ” ಎಂದು ಭಾವ ಮತ್ತೆ ಮತ್ತೆ ಹೇಳುತ್ತಿದ್ದರು. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡದಲ್ಲಿ ಉತ್ತರಿಸಲು ಬರುವುದಿಲ್ಲ, ಸರಿ. ಅರ್ಥವಾಗುತ್ತದೆ ಎನ್ನುವುದನ್ನು ನಾವು ಮರೆತಿದ್ದೆವು.

ಕೈ ತೊಳೆದು ಒಳಗೆ ಹೋದರೆ, ಮಗು ಖಾಲಿ ಪೆಟ್ಟಿಗೆಯೊಂದರಲ್ಲಿ ಮಂಡಿ ಮಡಚಿ ಕುಳಿತಿದ್ದಾಳೆ! ಎಡಗೈ ಮೇಲೆ ಸೊಟ್ಟಪಟ್ಟ ಕಪ್ಪು ಅಕ್ಷರ: ‘ಊರಿಗೆ’. ಪೆಟ್ಟಿಗೆ ನೋಡಿ ನೋಡಿ ಕಲಿತದ್ದು, ಅವಳು ಬರೆದ ಮೊದಲ ಕನ್ನಡ ಪದ. ನಾನು ನಕ್ಕೆ. ಭಾವ ಎತ್ತಿಕೊಳ್ಳಲು ಬಗ್ಗಿದರು. ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಡೋಂಟ್ ಓಪನ್, ಪಪ್ಪಾ. ಐ ವಿಲ್ ಬ್ರೇಕ್.”

ನನ್ನ ನಗು ಅಲ್ಲೇ ನಿಂತುಹೋಯಿತು.

ಭಾವ ಒದ್ದೆ ಬಟ್ಟೆ ತಂದು ಉಜ್ಜಿದರು. ಸೋಪು ಹಾಕಿದರು. ತೆಂಗಿನೆಣ್ಣೆ ಹಚ್ಚಿದರು. ಕೈ ಕೆಂಪಾಯಿತೇ ಹೊರತು ಅಕ್ಷರ ಹೋಗಲಿಲ್ಲ. ಒಳ್ಳೆಯ ಮಾರ್ಕರ್ ಎಂದು ಅವರೇ ಹೇಳಿದ್ದರಲ್ಲ! ಆಮೇಲೆ ಅಡುಗೆಮನೆಯಿಂದ ಚಾಕು ತಂದು ಗೋಡೆಯುದ್ದಕ್ಕೂ ಪೇರಿಸಿದ್ದ ಪೆಟ್ಟಿಗೆಗಳನ್ನು ಒಂದೊಂದಾಗಿ ಸೀಳಿದರು. ರೈಲು ಹೊರಬಂತು, ಗೊಂಬೆ ಹೊರಬಂತು. ಅವರ ಕಣ್ಣು ತುಂಬಿದ್ದನ್ನು ನಾನು ಆ ದಿನವೇ ಮೊದಲು ಕಂಡದ್ದು.

ಬಾಡಿಗೆ ಇಳಿಯಲಿಲ್ಲ, ಟಿಕೆಟು ಬದಲಾಗಲಿಲ್ಲ. ಆದರೆ ಅಂದು ಸಂಜೆಯವರೆಗೂ ಭಾವ ನೆಲದ ಮೇಲೆ ಕುಳಿತು, ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಆನೆಯ ಪುಸ್ತಕ ಓದಿದರು. ಆನೆ ಎಲ್ಲಿಗೆ ಹೋಗುತ್ತಿದೆ ಎಂದು ಅವಳು ಮತ್ತೆ ಕೇಳಿದಳು. ಕೊನೆಯ ಪುಟದಲ್ಲಿ ಅದು ಮನೆಗೆ ಹೊರಟಿತ್ತು. ಭಾವ ಆ ಸಾಲನ್ನು ಓದಲಿಲ್ಲ. ಅವಳ ಎಡಗೈಯ ಅಕ್ಷರಗಳನ್ನು ತಮ್ಮ ಅಂಗೈಯಿಂದ ಮುಚ್ಚಿ, ಮತ್ತೆ ಮೊದಲ ಪುಟಕ್ಕೆ ತಿರುಗಿಸಿದರು.