ಕಾಗೆಗೆ ಕೊಟ್ಟ ಮಾತು

ಕೆಲಸದ ಇಂಟರ್‌ವ್ಯೂ ದಿನ ಬರ್ಲಿನ್ ಆಫೀಸಿನ ಮುಖ್ಯಸ್ಥೆ ಫ್ರಾವ್ ಹೈನೆಮಾನ್ ಅವರ ಮೇಜಿನ ಮೇಲೆ ಒಂದು ಬೈನಾಕ್ಯುಲರ್ ಇತ್ತು. ರಜಾದಿನ ಏನು ಮಾಡುತ್ತೀರಿ ಎಂದು ಆಕೆ ಕೇಳಿದಾಗ, ನಿದ್ದೆ ಮಾಡುತ್ತೇನೆ ಎನ್ನಬೇಕಿದ್ದ ಯಶವಂತ್, ಹಕ್ಕಿ ನೋಡುತ್ತೇನೆ ಎಂದುಬಿಟ್ಟ. ಮೈಸೂರಿನವನು, ಹಕ್ಕಿಗಳ ನಡುವೆಯೇ ಬೆಳೆದವನು ಎಂದು ಬೇರೆ ಸೇರಿಸಿದ. ನಿಜ ಹೇಳಬೇಕೆಂದರೆ ಅವನಿಗೆ ಗುರುತು ಸಿಗುತ್ತಿದ್ದದ್ದು ಕಾಗೆ, ಪಾರಿವಾಳ, ಬಿಟ್ಟರೆ ಬಿರಿಯಾನಿಯೊಳಗಿನದು.

ಆ ಸುಳ್ಳು ಚಳಿಗಾಲವಿಡೀ ತೆಪ್ಪಗೆ ಮಲಗಿತ್ತು. ಏಪ್ರಿಲ್ ಬಂತು. ಆಫ್ರಿಕಾದಲ್ಲಿ ಬೆಚ್ಚಗಿದ್ದ ಹಕ್ಕಿಗಳೆಲ್ಲ ಉತ್ತರಕ್ಕೆ ಹೊರಟವು, ಸುಳ್ಳೂ ಎದ್ದು ಕೂತಿತು. ಶನಿವಾರ ಬೆಳಿಗ್ಗೆ ನಮ್ಮ ಹಕ್ಕಿ ಬಳಗದ ಜೊತೆ ಟೆಂಪಲ್‌ಹೋಫ್ ಬಯಲಿಗೆ ಬನ್ನಿ ಎಂದು ಮೇಡಂ ಕರೆದರು. ಬರ್ಲಿನ್ ನಗರದ ನಡುವೆ ಹಿಂದೆ ವಿಮಾನ ಇಳಿಯುತ್ತಿದ್ದ ಜಾಗ ಅದು. ಈಗ ಹುಲ್ಲು ಬೆಳೆದು ಹಕ್ಕಿಗಳು ಇಳಿಯುತ್ತವೆ.

ಆಗುವುದಿಲ್ಲ ಎನ್ನುವಂತಿರಲಿಲ್ಲ. ಆಫೀಸಿನಲ್ಲಿ ಖಾಲಿಯಿದ್ದ ಖಾಯಂ ಹುದ್ದೆ ಒಂದೇ. ಅದಕ್ಕೆ ಬಾಯಿ ಬಿಟ್ಟುಕೊಂಡು ಕೂತಿದ್ದ ಕಾಂಟ್ರ್ಯಾಕ್ಟಿನವರು ಇಬ್ಬರು, ಯಶವಂತ್ ಮತ್ತು ತುಮಕೂರಿನ ಸಿದ್ದಲಿಂಗೇಶ. ಯಾರಿಗೆಂದು ಮೇಡಂ ಸೋಮವಾರ ಹೇಳುವವರಿದ್ದರು. ಸಿದ್ದಲಿಂಗೇಶ ಆಗಲೇ ಹೊಸ ಬೈನಾಕ್ಯುಲರ್ ಕೊಂಡು ಕೊರಳಿಗೆ ನೇತುಹಾಕಿಕೊಂಡು ಓಡಾಡುತ್ತಿದ್ದ.

ಇಷ್ಟೇ ಆಗಿದ್ದರೆ ಯಶವಂತ್ ಹೇಗೋ ಪಾರಾಗುತ್ತಿದ್ದ. ಆದರೆ ಮಗಳ ಮನೆಗೆಂದು ಬಂದಿದ್ದ ಅತ್ತೆ ಜಲಜಮ್ಮನವರು ಶುಕ್ರವಾರ ರಾತ್ರಿ ಕ್ಯಾಲೆಂಡರ್ ನೋಡಿ, ನಾಳೆ ಮಾವನವರ ತಿಥಿ ಎಂದು ಘೋಷಿಸಿದರು. ಎಡೆ ಇಡಬೇಕು, ಕಾಗೆ ಮುಟ್ಟಬೇಕು, ಆಮೇಲೆಯೇ ಮನೆಯವರ ಊಟ. ಬಾಲ್ಕನಿಯಲ್ಲಿ ಇಡೋಣವೆಂದರೆ, ಹಕ್ಕಿಗೆ ಕಾಳು ಹಾಕಿದ್ದಕ್ಕೇ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಒಮ್ಮೆ ಬಂದು ಗದರಿಸಿ ಹೋಗಿದ್ದ.

“ಅಳಿಯಂದ್ರೇ, ನೀವು ಹಕ್ಕಿ ನೋಡಕ್ಕೆ ತಾನೆ ಹೋಗ್ತಿರೋದು? ಹಕ್ಕಿ ಇರೋ ಕಡೆ ಕಾಗೆ ಇರಲ್ವಾ? ನಾನೂ ಬರ್ತೀನಿ,” ಎಂದರು ಅತ್ತೆ.

ತಿಥಿಗೆ ಮಧ್ಯಾಹ್ನವಾಗಬೇಕಲ್ಲವೇ ಎಂದು ಯಶವಂತ್ ಕೊನೆಯ ಅಸ್ತ್ರ ಬಿಟ್ಟ. ಇಲ್ಲಿ ಎಂಟೂವರೆಯಾದರೆ ಮೈಸೂರಿನಲ್ಲಿ ಮಧ್ಯಾಹ್ನವಾಗಿರುತ್ತದೆ, ಮಾವನವರು ಯಾವತ್ತೂ ಮೈಸೂರು ಟೈಮಿನವರೇ ಎಂದು ಅತ್ತೆ ಅದನ್ನು ಲಟಕ್ಕನೆ ಮುರಿದರು. ಹೆಂಡತಿ ನಿಶ್ಚಿತಾ ಕಡೆ ನೋಡಿದ. ಬೇಗ ಮುಗಿಸಿಕೊಂಡು ಬನ್ನಿ, ನನಗೆ ಹಸಿವು ತಡೆಯೋಕಾಗಲ್ಲ ಎಂದಳು ಅವಳು.

ಬಯಲಿನಲ್ಲಿ ಬಳಗದವರೆಲ್ಲ ಹುಲ್ಲಿನ ಬಣ್ಣದ ಜಾಕೆಟ್ ತೊಟ್ಟು, ಉಸಿರು ಬಿಟ್ಟರೆ ಹಕ್ಕಿ ಹಾರೀತು ಎಂಬಂತೆ ನಿಂತಿದ್ದರು. ಅವರ ನಡುವೆ ಕೆಂಪಂಚಿನ ಹಳದಿ ಸೀರೆಯ ಮೇಲೆ ಮಗಳ ಕಿತ್ತಳೆ ಜಾಕೆಟ್ ಹಾಕಿ, ಟಿಫನ್ ಕ್ಯಾರಿಯರ್ ಹಿಡಿದು ಬಂದ ಜಲಜಮ್ಮನವರು ರಸ್ತೆ ಸಿಗ್ನಲ್ಲಿನಂತೆ ಕಾಣುತ್ತಿದ್ದರು. ಫ್ರಾವ್ ಹೈನೆಮಾನ್ ನಸುನಕ್ಕು ಕೈ ಕುಲುಕಿ, ದೂರದ ಬೇಲಿಯತ್ತ ಬೊಟ್ಟು ಮಾಡಿದರು. ಆಫ್ರಿಕಾದಿಂದ ಸ್ವೀಡನ್ನಿಗೆ ಹೊರಟ ಪುಟ್ಟ ಹಕ್ಕಿಯೊಂದು ಅಲ್ಲಿ ವಿಶ್ರಾಂತಿಗೆ ಇಳಿದಿತ್ತಂತೆ. ಯಶವಂತ್ ಬೈನಾಕ್ಯುಲರ್ ಏರಿಸಿ ನೋಡಿದ. ಯಾರದೋ ನಾಯಿ ಕಂಡಿತು. ಅದ್ಭುತ ಎಂದ. ಬಾಲದ ಬುಡ ಎಷ್ಟು ಬೆಳ್ಳಗಿದೆ ನೋಡಿದಿರಾ ಎಂದು ಮೇಡಂ ಕೇಳಿದರು. ನಾಯಿಯದೂ ಬೆಳ್ಳಗೇ ಇತ್ತು, ಹೌದೆಂದ.

ಅಷ್ಟರಲ್ಲಿ ಹಿಂದಿನಿಂದ “ಕಾ… ಕಾ…” ಎಂದು ಕೂಗು ಎದ್ದಿತು. ಜಲಜಮ್ಮನವರು ಬಾಳೆ ಎಲೆ ಹಾಸಿ, ಅನ್ನ, ವಡೆ, ಪಾಯಸ ಬಡಿಸಿ, ಪಿತೃಗಳನ್ನು ಕರೆಯುತ್ತಿದ್ದರು.

ಕಾಗೆಗಳು ಬಂದವು. ಬೂದು ಬಣ್ಣದ ಸ್ವೆಟರ್ ಹಾಕಿದಂತಿದ್ದ ಬರ್ಲಿನ್ ಕಾಗೆಗಳು. ಇವು ಕಾಗೆಗಳು ಹೌದೋ ಅಲ್ಲವೋ ಎಂದು ಅತ್ತೆಗೆ ಒಂದು ಕ್ಷಣ ಅನುಮಾನವಾಯಿತು, ಚಳಿ ದೇಶವಲ್ಲವೇ ಎಂದು ಸಮಾಧಾನ ಮಾಡಿಕೊಂಡರು. ಕಾಗೆಗಳು ಎಲೆಯ ಸುತ್ತ ಪಂಕ್ತಿಗೆ ಕೂತಂತೆ ಕೂತು ಗದ್ದಲವೆಬ್ಬಿಸಿದವೇ ಹೊರತು ಅಗುಳೂ ಮುಟ್ಟಲಿಲ್ಲ. ಬೇಲಿಯ ಮೇಲಿನ ಹಕ್ಕಿ ಹುಲ್ಲಿನಲ್ಲಿ ಅಡಗಿಕೊಂಡಿತು. ಬಳಗದ ಹಿರಿಯರೊಬ್ಬರು ಫರ್ಬೋಟನ್, ಇಲ್ಲಿ ಹಕ್ಕಿಗಳಿಗೆ ತಿನ್ನಿಸಬಾರದು ಎಂದು ಕೆಂಪಾದರು. ಮೇಡಂ ಹುಬ್ಬು ಗಂಟಿಕ್ಕಿದರು. ಸಿದ್ದಲಿಂಗೇಶನ ಮುಖ ಮಾತ್ರ ಹಬ್ಬದ ದಿನದಂತೆ ಬೆಳಗುತ್ತಿತ್ತು.

ಎಲೆ ಎತ್ತಿ ಹೋಗೋಣವೆಂದು ಯಶವಂತ್ ಬೇಡಿಕೊಂಡ. ಅತ್ತೆ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕಾಗೆ ಮುಟ್ಟುತ್ತಿಲ್ಲವೆಂದರೆ ಹೋದವರಿಗೆ ಏನೋ ಆಸೆ ಉಳಿದಿದೆ, ನಡೆಸಿಕೊಡುತ್ತೇವೆಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು, ಹೇಳದೆ ತಾನು ಏಳುವುದಿಲ್ಲ ಎಂದರು.

ಯಶವಂತ್ ಕಾಗೆಗಳ ಮುಂದೆ ಮಂಡಿಯೂರಿದ. ತಿರುಪತಿಗೆ ಹೋಗಿ ಮುಡಿ ಕೊಡುತ್ತೇನೆಂದ. ಮಗು ಹುಟ್ಟಿದರೆ ದ್ವಾರಕನಾಥ ಎಂದು ಮಾವನ ಹೆಸರನ್ನೇ ಇಡುತ್ತೇನೆಂದ. ಕಾಗೆಗಳು ಕತ್ತು ಓರೆ ಮಾಡಿ ಕೇಳಿಸಿಕೊಂಡವು, ಅಷ್ಟೇ. ಹಿರಿಯರು ಪಾರ್ಕಿನ ಕಾವಲುಗಾರನಿಗೆ ಕರೆ ಮಾಡಲು ಫೋನ್ ತೆಗೆದರು.

“ಅಂಗಡಿ,” ಎಂದರು ಜಲಜಮ್ಮ, ಕಣ್ಣೊರೆಸಿಕೊಳ್ಳುತ್ತ. “ಅಳಿಯ ವಾಪಸ್ ಬಂದು ನಮ್ಮ ಶಿವರಾಂಪೇಟೆ ಪಾತ್ರೆ ಅಂಗಡಿ ನೋಡ್ಕೋಬೇಕು ಅಂತ ಕೊನೇವರೆಗೂ ಹೇಳ್ತಿದ್ರು.”

ಕೆಲಸ ಉಳಿಸಿಕೊಳ್ಳಲು ಕೆಲಸ ಬಿಡುವ ಮಾತು ಕೊಡಬೇಕೆಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ! ಆದರೆ ಕಾಗೆಗೆ ಕೊಡುವ ಮಾತನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ ಎಂದುಕೊಂಡ ಯಶವಂತ್ ಕೈ ಮುಗಿದ. “ಆಯ್ತು ಮಾವ. ಈ ಕೆಲಸ ಬಿಟ್ಟು ಬಂದು ನಿಮ್ಮ ಅಂಗಡೀಲಿ ಕೂತ್ಕೋತೀನಿ. ದಯವಿಟ್ಟು ತಿನ್ನಿ.”

ದೊಡ್ಡ ಕಾಗೆಯೊಂದು ಕುಪ್ಪಳಿಸಿ ಬಂದು ವಡೆ ಕಚ್ಚಿಕೊಂಡಿತು. ಉಳಿದವು ಅನ್ನಕ್ಕೆ ಮುಗಿಬಿದ್ದವು. ಎಲೆ ಬರಿದಾದ ಮೇಲೆ ಎಲ್ಲವೂ ಹಾರಿಹೋದವು, ಪುಟ್ಟ ಹಕ್ಕಿ ಬೇಲಿಗೆ ಮರಳಿತು, ಹಿರಿಯರು ಫೋನ್ ಜೇಬಿಗೆ ಹಾಕಿಕೊಂಡರು. ಫ್ರಾವ್ ಹೈನೆಮಾನ್ ಬೆರಗಾಗಿ ಹತ್ತಿರ ಬಂದರು. ಇಷ್ಟು ವರ್ಷ ಹಕ್ಕಿ ನೋಡಿದ್ದೇನೆ, ಹಕ್ಕಿಯೊಂದಿಗೆ ಮಾತಾಡಿ ಒಪ್ಪಿಸಿದವರನ್ನು ನೋಡಿರಲಿಲ್ಲ, ಅದಕ್ಕೆ ಏನು ಹೇಳಿದಿರಿ ಎಂದು ಕೇಳಿದರು.

ಯಶವಂತ್ ಬಾಯಿ ತೆರೆಯುವ ಮೊದಲೇ ಸಿದ್ದಲಿಂಗೇಶ ಮುಂದೆ ಬಂದ. “ನಾನ್ ಹೇಳ್ತೀನಿ ಬಿಡು ಗುರು,” ಎಂದು ಅವನ ಬೆನ್ನು ತಟ್ಟಿ, ತಿಥಿ, ಮಾವ, ಕೆಲಸ, ಅಂಗಡಿ ಎಲ್ಲವನ್ನೂ ಚಾಚೂ ತಪ್ಪದೆ ಜರ್ಮನ್ನಿನಲ್ಲಿ ವಿವರಿಸಿದ. ಒಂದಕ್ಷರವನ್ನೂ ಅವನು ಸುಳ್ಳು ಹೇಳಲಿಲ್ಲ, ಅದೇ ಯಶವಂತ್‌ಗೆ ಉರಿ ತಂದದ್ದು.

ಮೇಡಂ ಕಣ್ಣು ತುಂಬಿ ಬಂತು. “ಸೋಮವಾರ ನಿಮ್ಮ ಹೆಸರನ್ನೇ ಹೇಳುವವಳಿದ್ದೆ,” ಎಂದರು. “ಆದರೆ ಸತ್ತವರಿಗೆ ಕೊಟ್ಟ ಮಾತಿಗೆ ನಾನು ಅಡ್ಡ ಬರಬಾರದು.”

ಅದು ಸುಮ್ಮನೆ ಶಾಸ್ತ್ರಕ್ಕೆ ಹೇಳಿದ್ದು ಎನ್ನಲು ಯಶವಂತ್ ತಿರುಗಿದ. ಜಲಜಮ್ಮನವರು ಅವನ ಎರಡೂ ಕೈ ಹಿಡಿದು, ನೀರು ತುಂಬಿದ ಕಣ್ಣುಗಳಿಂದ ನೋಡುತ್ತಿದ್ದರು. ಅವನು ಹೌದೆಂದು ತಲೆಯಾಡಿಸಿದ. ಖಾಯಂ ಹುದ್ದೆಯ ಅಭಿನಂದನೆಗಳನ್ನು ಸಿದ್ದಲಿಂಗೇಶ ಹುಲ್ಲಿನ ಮೇಲೆಯೇ ಸ್ವೀಕರಿಸಿದ.

ಊಬಾನ್ ರೈಲಿನಲ್ಲಿ ಮನೆಗೆ ಮರಳುವಾಗ ಯಶವಂತ್ ಮನಸ್ಸನ್ನು ಗಟ್ಟಿ ಮಾಡಿಕೊಂಡ. ಪಾತ್ರೆ ವ್ಯಾಪಾರವೇನು ಕೀಳಲ್ಲ, ಮದುವೆ ಸೀಸನ್ನಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಅಲ್ಲಿ ಯಾರೂ ಹಕ್ಕಿ ನೋಡಲು ಕರೆಯುವುದಿಲ್ಲ. ಅಂಗಡಿ ಬೀಗದ ಕೈ ಯಾರ ಬಳಿ ಇದೆ ಎಂದು ಅತ್ತೆಯನ್ನು ಕೇಳಿದ.

“ಯಾವ ಅಂಗಡಿ?” ಎಂದರು ಜಲಜಮ್ಮ. “ಅದನ್ನ ಹೋದ ವರ್ಷಾನೇ ಮಾರಿದ್ವಲ್ಲ, ನಿಶ್ಚಿತಾ ಹೇಳಲಿಲ್ವಾ?”

ಯಶವಂತ್ ಸೀಟಿನಲ್ಲೇ ಅತ್ತೆಯ ಕಡೆ ತಿರುಗಿದ. “ಮತ್ತೆ ಕಾಗೆ ತಿಂತಲ್ಲ ಅತ್ತೆ?”

“ಮಾರಿದ್ದು ಅವರು ಹೋದ್ಮೇಲೆ ತಾನೆ ಅಳಿಯಂದ್ರೇ,” ಎಂದು ಅತ್ತೆ ಖಾಲಿ ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡರು. “ಪಾಪ, ಅವರಿಗೆ ಹೇಗೆ ಗೊತ್ತಾಗ್ಬೇಕು?”