ಅಕ್ಕನ ಮನೆಯ ಗಡ್ಡೆಗಳ್ಳಿಯರು

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ ನನಗೇ ಗೊತ್ತಿಲ್ಲ. ಒಮ್ಮೆ ರೀಫಿಲ್ ಮುಗಿದಿದೆ ಎಂಬ ನೆಪ, ಇನ್ನೊಮ್ಮೆ ಕನ್ನಡಕದ ಕಡ್ಡಿ ಸಡಿಲ ಎಂಬ ನೆಪ. ಮೊನ್ನೆಯಂತೂ ಕರೆಂಟು ಹೋಯಿತೆಂದು ಹಗಲು ಹನ್ನೊಂದು ಗಂಟೆಗೆ ಕಾಗದ ಮಡಿಸಿಟ್ಟೆ. ಇವತ್ತು ಯಾವ ನೆಪವೂ ಒದಗಲಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ: ನನ್ನ ಅಕ್ಕ ಕಳ್ಳಿಯರನ್ನು ಸಾಕುತ್ತಿದ್ದಳು.

ಕೋಳಿ ಸಾಕುವವರಿದ್ದಾರೆ, ಎಮ್ಮೆ ಸಾಕುವವರಿದ್ದಾರೆ, ಕೆಲವರು ಗಿಳಿ ಸಾಕುತ್ತಾರೆ. ಅಕ್ಕ ಸಾಕಿದ್ದು ಕಳ್ಳಿಯರನ್ನು. ಅವರಿಗೆಂದು ಹಿತ್ತಿಲ ಬಾಗಿಲ ಚಿಲಕ ತೆಗೆದಿಡುತ್ತಿದ್ದಳು. ಕದಿಯುವ ಮಾಲನ್ನು ಅವರ ಕೈಗೆಟುಕುವ ಹಾಗೆ ಜೋಡಿಸುತ್ತಿದ್ದಳು. ತಾನು ಎದುರು ಸಿಕ್ಕಿ ಅವರಿಗೆ ಮುಜುಗರವಾದೀತೆಂದು ಬಚ್ಚಲಿಗೆ ಹೋಗಿ ಪಾತ್ರೆ ಬಡಿಯುತ್ತಿದ್ದಳು. ಇಂಥ ಮನೆ ಅಜ್ಜಂಪುರದಲ್ಲಿ ಇನ್ನೊಂದಿದ್ದರೆ ತೋರಿಸಿ!

ಮಾಲು ಎಂದರೆ ಚಿನ್ನವಲ್ಲ, ಡೇರೆ ಗಡ್ಡೆ. ಓದಿದವರು ಡೇಲಿಯಾ ಎನ್ನುವ ಹೂವಿಗೆ ನಮ್ಮ ಹೆಂಗಸರು ಡೇರೆ ಹೂ ಎನ್ನುತ್ತಾರೆ. ಊಟದ ತಟ್ಟೆಯಷ್ಟಗಲ ಅರಳುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಕಾಫಿ ಸಾಸರಿನಷ್ಟು ಎಂದು ನಾನು ತಿದ್ದುತ್ತಿದ್ದೆ. ಅದು ಮಳೆ, ಮಂಜು ಇರುವ ಕಡೆಯ ಹೂ. ತರೀಕೆರೆಯಲ್ಲಾದರೆ ಗಡ್ಡೆಯನ್ನು ಬೇಲಿಯ ಬುಡಕ್ಕೆ ಎಸೆದರೂ ಬರುತ್ತದೆ. ಅಜ್ಜಂಪುರದ ಬೇಸಿಗೆಯಲ್ಲಿ ಹಾಗೆ ಎಸೆದರೆ ಸುಟ್ಟ ಗೆಣಸಾಗುತ್ತದೆ. ಹೋಗಲಿ, ಮಳೆ ಹಿಡಿದ ಮೇಲೆ ನೆಡೋಣವೆಂದರೆ ಹೂ ಬಿಡುವ ಹೊತ್ತಿಗೆ ಗೌರಿ ಹಬ್ಬ ಮುಗಿದಿರುತ್ತದೆ. ಅಕ್ಕನಿಗೆ ಗೌರಿ ಹಬ್ಬಕ್ಕೇ ಹೂ ಬೇಕು. ಹಾಗಾಗಿ ಯುಗಾದಿಯ ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ, ಚಳಿಗಾಲವಿಡೀ ಬೂದಿಯಲ್ಲಿ ಮಲಗಿದ್ದ ಗಡ್ಡೆಗಳನ್ನು ಎಬ್ಬಿಸಿ ಮನೆಯೊಳಗೇ ಮೊಳಕೆಗೆ ಇಡುತ್ತಿದ್ದಳು. ರೋಹಿಣಿ ಮಳೆಯ ಹೊತ್ತಿಗೆ ಗೇಣುದ್ದದ ಸಸಿ ತಯಾರು.

ನಾನೋ, ಎಸ್ಸೆಸ್ಸೆಲ್ಸಿ ಮುಗಿಸಿ ಖಾಸಗಿ ಬಸ್ಸಿಗೆ ಕಂಡಕ್ಟರಾದವನು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರರ ನಡುವೆ ಒಂದು ಆಯುಷ್ಯವನ್ನು ನಿಂತುಕೊಂಡೇ ಕಳೆದೆ. ಟಿಕೆಟಿಲ್ಲದೆ ಕೂತವರನ್ನು ಮುಖ ನೋಡಿಯೇ ಹಿಡಿಯುತ್ತೇನೆಂಬ ಹೆಮ್ಮೆ ನನಗಿತ್ತು. ಸ್ವಂತ ಅಕ್ಕನಿಗೂ ಟಿಕೆಟ್ ಹರಿದವನು ನಾನು. ಒಮ್ಮೆ ಅವಳು ತರೀಕೆರೆಯಲ್ಲಿ ಮದುವೆ ಊಟ ಮುಗಿಸಿ ನನ್ನ ಬಸ್ಸನ್ನೇ ಹತ್ತಿದಳು. ಮಡಿಲು ಉಬ್ಬಿತ್ತು.

"ಏನಕ್ಕಾ ಅದು?"

"ಮೆತ್ತಗೆ ಮಾತಾಡೋ. ಮದ್ವೆ ಮನೆ ಹಿತ್ಲಲ್ಲಿತ್ತು. ಕುಂಕುಮದ ಬಣ್ಣದ್ದಂತೆ."

"ಕದ್ಯಾ?"

"ಕೇಳಿ ತಂದ ಗಡ್ಡೆ ಕೊಳೀತದೆ ಕಣೋ. ಕದ್ದಿದ್ದೇ ಚಿಗುರೋದು. ಅಷ್ಟೂ ಗೊತ್ತಿಲ್ವಾ ನಿಂಗೆ?"

ನಾನು ಟಿಕೆಟ್ ಹರಿದು ಚಾಚಿದೆ. ಅಕ್ಕ ದುಡ್ಡು ಕೊಟ್ಟು, ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ, "ಇದಕ್ಕೂ ಒಂದು ಅರ್ಧ ಟಿಕೆಟ್ ಹರಿಯೋ, ನಿನ್ ನಿಯತ್ತು ಕೆಟ್ಟೀತು" ಎಂದಳು. ಊರು ಬರುವ ತನಕ ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ ನೋಡಿ ನಗುತ್ತಿದ್ದ.

ಮುಂದೆ ಮಂಡಿ ಸವೆದು ಬಸ್ಸು ಬಿಟ್ಟೆ. ಅಷ್ಟರಲ್ಲಿ ನನ್ನ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಭಾವ ಹೋದಮೇಲೆ ಅಕ್ಕನೂ ಒಬ್ಬಳೇ. "ಇಬ್ರಿಗೆ ಎರಡು ಒಲೆ ಯಾಕೋ, ಬಾ" ಎಂದಳು. ಕಡೂರಿನ ಬಾಡಿಗೆ ಮನೆಯ ಬೀಗದ ಕೈ ಒಪ್ಪಿಸಿ, ಟ್ರಂಕು ಹಿಡಿದು ಹೋದೆ. ಹೋದದ್ದು ಯುಗಾದಿ ಕಳೆದ ವಾರ. ಅದೇ ನಾನು ಮಾಡಿದ ಎಡವಟ್ಟು.

ಆ ಹೆಂಚಿನ ಮನೆಗೆ ಇದ್ದದ್ದು ಒಂದೇ ಒಂದು ಗಾಜಿನ ಹೆಂಚು. ಅದರ ಬೆಳಕು ಬೀಳುವಲ್ಲಿ ಮನೆಯ ಒಂದೇ ಒಂದು ಮಂಚ. ಮಂಚದ ಮೇಲೆ ಬೋಗುಣಿಗಳು, ಅಡ್ಡಕ್ಕೆ ಕೊಯ್ದ ಎಣ್ಣೆ ಕ್ಯಾನುಗಳು, ಹಿಡಿ ಕಳಚಿದ ಬಾಣಲೆ. ಎಲ್ಲದರಲ್ಲೂ ಸಿಂಗಟಗೆರೆ ಕಡೆಯಿಂದ ತರಿಸಿದ ತೆಂಗಿನ ನಾರಿನ ಪುಡಿ. ಅದರಲ್ಲಿ ಕುತ್ತಿಗೆಯವರೆಗೆ ಹೂತು ಕೂತ ಗಡ್ಡೆಗಳು.

"ನಾನೆಲ್ಲಿ ಮಲಗ್ಲಿ?" ಎಂದೆ.

"ಪಡಸಾಲೇಲಿ."

"ಮಂಚ?"

"ಅವಕ್ಕೆ ಬೆಳಕು ಬೇಕು. ನಿಂಗ್ಯಾಕೆ? ನೀನೇನು ಚಿಗುರ್ಬೇಕಾ?"

ಅರವತ್ತು ದಾಟಿದವನು ಚಿಗುರುವುದುಂಟೆ? ಚಾಪೆ ಬಿಡಿಸಿಕೊಂಡೆ.

ಆ ಮನೆಯಲ್ಲಿ ಫ್ಯಾನು ಹಾಕುವಂತಿರಲಿಲ್ಲ, ನಾರಿನ ಪುಡಿ ಒಣಗುತ್ತದಂತೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವಂತಿರಲಿಲ್ಲ, ಘಾಟಿಗೆ ಗಡ್ಡೆಗಳು ಕಣ್ಣು ಮುಚ್ಚಿಕೊಳ್ಳುತ್ತವಂತೆ. ಗಡ್ಡೆಯ ಕುತ್ತಿಗೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಉಬ್ಬು ಇರುತ್ತದೆ. ಅದಕ್ಕೆ ಕಣ್ಣು ಎನ್ನುತ್ತಾರೆ. ಮೊಳಕೆ ಬರುವುದು ಅಲ್ಲಿಂದಲೇ. ಕಣ್ಣಿಲ್ಲದ ಗಡ್ಡೆ ತಿಂಗಳುಗಟ್ಟಲೆ ದಪ್ಪಗೆ ಕೂತಿರುತ್ತದೆ, ಕೊಳೆಯುವುದೂ ಇಲ್ಲ, ಚಿಗುರುವುದೂ ಇಲ್ಲ. "ಥೇಟ್ ನಿನ್ ಹಾಗೆ" ಎಂದಳು ಅಕ್ಕ. ಒಂದು ಮಧ್ಯಾಹ್ನ ಸೆಕೆ ತಡೆಯದೆ, ಪಾಪ ಇವಕ್ಕೂ ಬಾಯಾರಿರಬೇಕೆಂದು ನಾನು ಒಂದು ಚೊಂಬು ನೀರು ಹುಯ್ದೆ. ಅಕ್ಕ ಓಡಿಬಂದು ಎಲ್ಲವನ್ನೂ ಬಗ್ಗಿಸಿ, ಒಂದೊಂದೇ ಗಡ್ಡೆಯನ್ನು ಸೆರಗಿನಲ್ಲಿ ಒರೆಸಿದಳು. "ಮೊಳಕೆ ಬರೋಕೆ ಮುಂಚೆ ನೀರು ಕುಡಿದ್ರೆ ಕೊಳೀತವೆ. ಬೆರಳದ್ದಿ ಚಿಮುಕಿಸೋ, ಮದ್ವೇಲಿ ಅಕ್ಷತೆ ಹಾಕ್ದಂಗೆ." ಆ ರಾತ್ರಿ ನನಗೆ ಬಡಿಸಿದ ಸಾರೂ ಬೆರಳದ್ದಿ ಚಿಮುಕಿಸಿದಷ್ಟೇ ಇತ್ತು.

ಇನ್ನು ಕಳ್ಳಿಯರ ವಿಷಯ. ಮೊಳಕೆ ಬಂದ ಸುದ್ದಿ ಕೇರಿಗೆ ಹೇಗೆ ಗೊತ್ತಾಗುತ್ತಿತ್ತೋ, ಒಬ್ಬೊಬ್ಬರೇ ಬರುತ್ತಿದ್ದರು. ಎಲ್ಲರಿಗಿಂತ ನುರಿತವಳು ಹಿಂದಿನ ಮನೆಯಾಕೆ. ಸರ್ಕಾರಿ ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಅಡುಗೆ ಮಾಡುವ ಹೆಂಗಸು. ಅಕ್ಕನ ಹಿತ್ತಿಲಿಗೂ ಆಕೆಯ ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ.

"ಅಕ್ಕಾ, ಒಂದು ಗಡ್ಡೆ ಕೊಡ್ರಿ."

"ಗಡ್ಡೆನಾ? ಒಂದೂ ಇಲ್ಲ ಕಣಮ್ಮ." ಬೆನ್ನ ಹಿಂದೆ ಮೂವತ್ತು ಮೊಳಕೆಗಳು ಕತ್ತು ಚಾಚಿ ನಿಂತಿರುತ್ತಿದ್ದವು.

"ಹೋಗ್ಲಿ ಬಿಡಿ, ಬತ್ತೀನಿ."

"ಹೂಂ. ನಂಗೂ ಪಾತ್ರೆ ಬಿದ್ದಿದೆ ತೊಳ್ಯೋಕೆ. ಬಚ್ಚಲಲ್ಲಿದ್ರೆ ನಂಗೆ ಏನೂ ಕೇಳ್ಸಲ್ಲಮ್ಮ."

ಆಮೇಲೆ ಬಚ್ಚಲಿಂದ ತಂಬಿಗೆ, ತಟ್ಟೆ, ಕೊಳಗಗಳ ಸದ್ದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳೆಂದು ನನ್ನ ಗುಮಾನಿ. ಸದ್ದು ನಿಂತಮೇಲೆ ಬಂದು ಬೋಗುಣಿ ನೋಡಿ, ಹಣೆ ಚಚ್ಚಿಕೊಂಡು, "ಯಾವಳೋ ಕದ್ಕೊಂಡ್ ಹೋದ್ಳಲ್ಲೋ!" ಎನ್ನುವಳು. ಮುಖದಲ್ಲಿ ಮದುವಣಗಿತ್ತಿಯ ಕಳೆ. ಚೆನ್ನಾಗಿ ಚಿಗುರಿದ್ದನ್ನು ಬಾಗಿಲ ಹತ್ತಿರ, ಕಣ್ಣಿಲ್ಲದ್ದನ್ನು ಒಳಗೆ ಇಟ್ಟವಳೂ ಅವಳೇ.

ಗೌರಿ ಹಬ್ಬದ ಹೊತ್ತಿಗೆ ಆ ಕಳ್ಳಿಯರೆಲ್ಲ ಹೂ ಹಿಡಿದು ವಾಪಸು ಬರುತ್ತಿದ್ದರು. "ನೋಡ್ರಿ ಅಕ್ಕಾ, ನಮ್ಮ ತವರಿಂದ ತಂದಿದ್ದು." "ಅಯ್ಯೋ ಹೌದಾ? ಇಂಥ ಬಣ್ಣ ನಮ್ಮನೇಲಿ ಇಲ್ಲವೇ ಇಲ್ಲ ಬಿಡಮ್ಮ." ಹೀಗೆ ಇಬ್ಬರೂ ಸುಳ್ಳು ಹೇಳಿ, ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಕಾಫಿ ಕುಡಿದು, ದೀಪ ಹಚ್ಚುವ ತನಕ ನಗುತ್ತಿದ್ದರು.

ಈವರೆಗೆ ನಗುತ್ತ ಬರೆದೆ. ಮುಂದಿನದನ್ನು ಬೇಗ ಬರೆದುಬಿಡಬೇಕು, ಇಲ್ಲದಿದ್ದರೆ ಮತ್ತೆ ಏಳುತ್ತೇನೆ.

ಆ ನಗು ಹಿತ್ತಿಲಲ್ಲಿ, ನಾನು ಪಡಸಾಲೆಯಲ್ಲಿ. ಬಸ್ಸಿನಲ್ಲಿ ದಿನಕ್ಕೆ ನೂರಾರು ಜನ ನನ್ನನ್ನು ಮಾತಾಡಿಸುತ್ತಿದ್ದರು, ಚಿಲ್ಲರೆಗಾದರೂ ಜಗಳವಾಡುತ್ತಿದ್ದರು. ಇಲ್ಲಿ ನನ್ನ ಹತ್ತಿರ ಯಾರಿಗೂ ಕೆಲಸವಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಹಿತ್ತಿಲಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಹಿಂದಿನ ಮನೆಯಾಕೆ ಮಾತ್ರ, "ಬರ್ರಣ್ಣ, ಕೂತ್ಕಳ್ರಿ" ಎಂದು ಜರುಗುತ್ತಿದ್ದಳು. ಕೂರಲು ನನಗೆ ಬಿಗುಮಾನ. ವಾಪಸು ಬಂದು ಓದಿದ ಪೇಪರನ್ನೇ ಓದುತ್ತಿದ್ದೆ.

ಎರಡನೆಯ ವರ್ಷ, ಮೊಳಕೆ ಬಂದ ದಿನಗಳು. ಅಕ್ಕ ಬಚ್ಚಲಲ್ಲಿ ಪಾತ್ರೆ ಬಡಿಯುತ್ತಿದ್ದಳು. ಹಿಂದಿನ ಮನೆಯಾಕೆ ಬಾಗಿಲ ಹತ್ತಿರದ ಬೋಗುಣಿಗೆ ಕೈ ಹಾಕಿದ್ದನ್ನು ಪಡಸಾಲೆಯಿಂದ ಕಂಡೆ. ನನಗೆ ಪದ್ಧತಿ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಎದ್ದೆ. ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಮುಟ್ಟುವ ದನಿಯಲ್ಲಿ ಕೂಗಿದೆ: "ಕಳ್ಳಿ! ಹಗಲು ಹೊತ್ತಲ್ಲೇ ಮನೆಗೆ ನುಗ್ತೀಯಾ? ಇಳಿಸು ಕೆಳಗೆ!"

ಸುತ್ತಲ ಹಿತ್ತಿಲುಗಳಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ಗೋಡೆಗಳ ಮೇಲೆ ತಲೆಗಳು ಎದ್ದವು. ಆಕೆ ಮೊದಲು ನಕ್ಕಳು, ತಮಾಷೆ ಎಂದುಕೊಂಡು. ನಾನು ನಗಲಿಲ್ಲ. ಆಗ ಸೆರಗಿನಿಂದ ಗಡ್ಡೆಯನ್ನು ತೆಗೆದು, ಮೊಳಕೆ ಮುರಿಯದಂತೆ ಮೆಟ್ಟಿಲ ಮೇಲೆ ಮಲಗಿಸಿ, ಹೊರಟುಹೋದಳು. ಅಕ್ಕ ಒದ್ದೆ ಕೈಯಲ್ಲಿ ಬಂದು ನಿಂತಿದ್ದಳು.

"ಹೋಗಿ ಒಂದು ಮಾತು ಹೇಳಿ ಬಾರೋ" ಎಂದಳು ಸಂಜೆ.

"ನಾನೇನು ಸುಳ್ಳು ಹೇಳಿದ್ನಾ? ಕದ್ದಿದ್ದು ಕದ್ದಿದ್ದೇ."

ಶಾಲೆಯ ಅಡುಗೆ ಮನೆಯಲ್ಲಿ ಬೇಳೆ, ಎಣ್ಣೆ ಆಕೆಯ ಕೈಯಲ್ಲಿ. ವಾರದೊಳಗೆ ಯಾರೋ, "ಬೇಳೆ ಡಬ್ಬಕ್ಕೆ ಬೀಗ ಹಾಕ್ರಪ್ಪ" ಎಂದು ಗೇಲಿ ಮಾಡಿದರಂತೆ. ಆಕೆ ಅಳುತ್ತ ಮನೆಗೆ ಬಂದಳೆಂದು ಅಕ್ಕನಿಗೆ ಬೇರೆಯವರಿಂದ ತಿಳಿಯಿತು. ಆಮೇಲೆ ಆಕೆ ಬರಲಿಲ್ಲ. ಆಕೆಯನ್ನು ಕಂಡು ಉಳಿದವರೂ ಬರಲಿಲ್ಲ. ಕಳ್ಳಿ ಎನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಆ ಗೌರಿ ಹಬ್ಬಕ್ಕೆ ನಮ್ಮ ಹಿತ್ತಿಲ ತುಂಬ ಕುಂಕುಮದ ಬಣ್ಣದ ಡೇರೆ ಅರಳಿದವು. ನೋಡಿದವರು ಅಕ್ಕ ಮತ್ತು ನಾನು.

ಮರು ವರ್ಷ ಅಕ್ಕ ಮತ್ತೆ ಗಡ್ಡೆ ಎಬ್ಬಿಸಿದಳು. ಮೊಳಕೆ ಬಂದಾಗ ಹಿತ್ತಿಲ ಚಿಲಕ ತೆಗೆದಿಟ್ಟು ಬಚ್ಚಲಿಗೆ ಹೋದಳು. ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸಿತು. ಬಂದು ಬೋಗುಣಿಗಳನ್ನು ನೋಡಿದಳು.

"ಎಲ್ಲಾ ಇದಾವೆ ಕಣೋ" ಎಂದಳು. ಮನೆಯಲ್ಲಿ ಏನೋ ಕಳೆದುಹೋದವರ ದನಿ ಅದು.

ಹಾಗೆ ಅವಳು ಎಷ್ಟೋ ದಿನ ಪಾತ್ರೆ ಬಡಿದಳು. ಕೊನೆಗೆ ನನಗೇ ತಡೆಯಲಾಗಲಿಲ್ಲ. "ಕೊಡು ಇಲ್ಲಿ, ನಾನೇ ಒಂದು ಬುಟ್ಟಿ ಗಡ್ಡೆ ಮನೆ ಮನೆಗೆ ಕೊಟ್ಟು ಬರ್ತೀನಿ" ಎಂದೆ.

"ಕೊಟ್ರೆ ತಗೊಂಡು ಒಳಗೆ ಹೋಗ್ತಾರೆ, ಅಲ್ಲಿಗಾಯ್ತು. ಕದ್ದವರು ತಿರುಗಿ ಬರ್ತಿದ್ರು ಕಣೋ." ಆಮೇಲೆ ಹಿಂದಿನ ಮನೆಯತ್ತ ಕೈ ತೋರಿಸಿ, "ಅವಳಿಗೆ ಗಡ್ಡೆ ಯಾಕೆ, ಮಾತು ತಗೊಂಡ್ಹೋಗು" ಎಂದಳು.

ಹೋಗುತ್ತೇನೆ ಎಂದೆ. ನಾಳೆ ಎಂದೆ. ಹಬ್ಬ ಕಳೆಯಲಿ ಎಂದೆ. ಆ ಚಳಿಗಾಲ ಅಕ್ಕ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಗಡ್ಡೆಗಳು ಮಂಚದ ಕೆಳಗೆ ಬೂದಿಯಲ್ಲಿದ್ದವು. ಮೊದಲೆಲ್ಲ ಹಿತ್ತಿಲಿಂದ ಬರುತ್ತಿದ್ದ ಹಿಂದಿನ ಮನೆಯಾಕೆ ಆ ದಿನ ಬೀದಿ ಸುತ್ತಿ ಮುಂಬಾಗಿಲಿಂದ ಬಂದಳು, ಪರಿಚಯವಿಲ್ಲದವರ ಹಾಗೆ. ಅಕ್ಕನ ಕಾಲು ಮುಟ್ಟಿದಳು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಒಂದೇ ಒಂದು ಮಾತಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆಕೆ ಎದ್ದುಹೋದಳು.

ಈ ವರ್ಷ ಯುಗಾದಿ ಕಳೆದು ಗಡ್ಡೆಗಳನ್ನು ನಾನೇ ಎಬ್ಬಿಸಿದೆ. ಕಣ್ಣು ಯಾವುದು, ಬರೀ ಉಬ್ಬು ಯಾವುದು ಎಂದು ನನ್ನ ಕಣ್ಣಿಗೆ ಕಾಣುವುದಿಲ್ಲ, ಎಲ್ಲವನ್ನೂ ಹೂತಿಟ್ಟೆ. ಬೆರಳದ್ದಿ ಚಿಮುಕಿಸುತ್ತೇನೆ. ಫ್ಯಾನು ಹಾಕುವುದಿಲ್ಲ. ಬೇಡವೆನ್ನುವವರು ಯಾರೂ ಇಲ್ಲದಿದ್ದರೂ ಒಗ್ಗರಣೆಗೆ ಮೆಣಸಿನಕಾಯಿ ಹಾಕುವುದಿಲ್ಲ. ಹತ್ತು ಹನ್ನೆರಡು ಮೊಳಕೆ ಬಂದಿವೆ.

ಹೋದ ವಾರ ಒಂದು ಸಂಜೆ ಧೈರ್ಯ ಮಾಡಿ ಹಿತ್ತಿಲ ಗೋಡೆಯವರೆಗೆ ಹೋದೆ. ಆಕೆ ಕಲ್ಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಿದಳು.

"ಏನ್ರೀ?" ಮುಂಚಿನ ಹಾಗೆ ಅಣ್ಣ ಎನ್ನಲಿಲ್ಲ.

"ಏನಿಲ್ಲ. ಮಳೆ ಬರೋ ಹಾಗಿದೆ" ಎಂದೆ.

ಆಕೆ ಆಕಾಶ ನೋಡಿದಳು. ನಾನೂ ನೋಡಿದೆ. ಬುಕ್ಕಾಂಬುಧಿ ಊರಿನ ದಿಕ್ಕಿನವರೆಗೂ ಹತ್ತಿಯೆಳೆಯಷ್ಟೂ ಮೋಡವಿರಲಿಲ್ಲ.

"ಎಲ್ರೀ?" ಎಂದಳು.

ನಾನು ಒಳಗೆ ಬಂದೆ. ಅದಕ್ಕೇ ಇದನ್ನು ಬರೆಯಲು ಕೂತದ್ದು. ಬಾಯಿಂದ ಬಾರದ್ದು ಕೈಯಿಂದಲಾದರೂ ಬರಲಿ ಎಂದು. ಬರೆಯುವಾಗಲೂ ನೋಡಿ, ಅಕ್ಕನ ಹುಚ್ಚನ್ನೆಲ್ಲ ಧಾರಾಳವಾಗಿ ಹೇಳಿಕೊಂಡು, ಆಕೆಯನ್ನು ಹಿಂದಿನ ಮನೆಯಾಕೆ, ಹಿಂದಿನ ಮನೆಯಾಕೆ ಎಂದೇ ದಾಟಿಸಿಕೊಂಡು ಬಂದೆ. ಆವತ್ತು ಕೇರಿಗೆಲ್ಲ ಕೇಳುವಂತೆ ನಾನು ಕರೆದದ್ದು ಆಕೆಯ ಹೆಸರಲ್ಲ.

ಆಕೆಯ ಹೆಸರು ಹಾಲಮ್ಮ.