ಕೆಂಪು ಕಾರಿಗೆ ಯಾವ ಪೆಟ್ರೋಲು?

ಓದಿದವರ ಮನೆಯಲ್ಲಿ ನಗೆಪಾಟಲು ನಡೆಯುವುದಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ಕೂತು ಯೋಚಿಸಿದರೆ, ನಮ್ಮ ಮನೆಯ ನಗೆಪಾಟಲುಗಳೆಲ್ಲ ನಾನು ಬಾಯಿ ತೆರೆದು ವಿವರಿಸಲು ಶುರುಮಾಡಿದ ಮೇಲೆಯೇ ನಡೆದಿವೆ. ಕಾರಿನ ವಿಷಯದಲ್ಲಂತೂ ಒಂದು ಮುಗಿಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ಕಾದು ನಿಂತಿರುತ್ತಿತ್ತು.

ಕಾರು ಬಂದದ್ದು

ಹಾರೋಹಳ್ಳಿ ಕಡೆ ಕಾರ್ಖಾನೆಗಳು ಹಬ್ಬಿ ನಮ್ಮ ಹೊಲದ ಒಂದು ತುಂಡೂ ಅವಕ್ಕೆ ಹೋಯಿತು. ಪರಿಹಾರ ಬಂದವರು ಟ್ರಾಕ್ಟರ್ ತಂದರು, ಸರ ಮಾಡಿಸಿದರು, ಮನೆ ಮೇಲೆ ಮನೆ ಕಟ್ಟಿಸಿದರು. ನಮ್ಮ ಯಜಮಾನರು ಬೆಂಗಳೂರಿಗೆ ಹೋಗಿ ಎರಡೇ ಬಾಗಿಲಿನ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ, ನಮ್ಮ ಮದುವೆಗಿಂತ ಹಳೆಯದಾದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದರು. ಹುಡುಗರಾಗಿದ್ದಾಗ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದಾಗ ಅಂಥದ್ದೊಂದು ಪಕ್ಕದಲ್ಲೇ ಹಾದುಹೋಗಿತ್ತಂತೆ. ಇಷ್ಟು ವರ್ಷದ ಸಂಸಾರದಲ್ಲಿ ಅವರು ತಮಗೋಸ್ಕರ ತಂದುಕೊಂಡ ವಸ್ತು ಅದೊಂದೇ.

ನಮ್ಮತ್ತೆ ಅದನ್ನು ಒಂದು ಸುತ್ತು ಹಾಕಿ ನೋಡಿ, "ಅಲ್ಲ ಕಣ್ಲಾ, ಇದ್ರೊಳಕ್ಕೆ ಹತ್ತಾದೋ ಇಳಿಯಾದೋ?" ಎಂದು ಮಗನನ್ನು ಕೇಳಿದರು.

ತೊಂದರೆ ಶುರುವಾದದ್ದು ಮರಳವಾಡಿ ಕಡೆ ಹೋಗುವ ದಾರಿಯ ದಿಬ್ಬದಲ್ಲಿ. ನಾನು ಪಕ್ಕದಲ್ಲಿ ಕೂತಿದ್ದೆ. ಏರು ಹತ್ತುತ್ತಿದ್ದ ಹಾಗೆ ಇಂಜಿನ್ನಿನೊಳಗೆ ಯಾರೋ ಡಬ್ಬಿಯಲ್ಲಿ ಕಡಲೆಬೀಜ ಕುಲುಕಿದಂತೆ ಕಟಕಟಕಟ ಸದ್ದು. ನಾನು ಬಿ.ಎಸ್ಸಿ., ಅದರಲ್ಲೂ ರಸಾಯನಶಾಸ್ತ್ರ. ಸುಮ್ಮನಿರಲು ಹೇಗಾಗುತ್ತದೆ?

"ಇದಕ್ಕೆ ನಾಕಿಂಗ್ ಅಂತಾರೆ. ಪೆಟ್ರೋಲು ಉರಿಯಬೇಕಾದ ಹೊತ್ತಿಗಿಂತ ಮೊದಲೇ ಉರಿದುಬಿಡ್ತಿದೆ. ಹಳೇ ಸ್ಪೋರ್ಟ್ಸ್ ಕಾರಿಗೆ ಆಕ್ಟೇನ್ ಜಾಸ್ತಿ ಇರೋ ಪೆಟ್ರೋಲ್ ಬೇಕು" ಎಂದೆ.

ಯಜಮಾನರು, "ಹೌದಾ?" ಎಂದರು. ಅವರು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರು. ನಾನು ವಿಜ್ಞಾನ ಹೇಳುವಾಗ ಅವರು ಇದಕ್ಕಿಂತ ಉದ್ದದ ಮಾತು ಆಡಿದ್ದಿಲ್ಲ.

ಇಲ್ಲಿ ನನ್ನ ಇನ್ನೊಂದು ಶಿಸ್ತಿನ ಬಗ್ಗೆಯೂ ಹೇಳಬೇಕು. ಕಾರಿಗೆ ಹಾಕಿಸಿದ ಪೆಟ್ರೋಲು, ಓಡಿದ ದೂರ, ಲೀಟರಿಗೆ ಬಂದ ಮೈಲೇಜು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡುತ್ತಿದ್ದೆ. ಗೇರ್ ಇಳಿಸಿದಷ್ಟೂ ಪೆಟ್ರೋಲ್ ಹೆಚ್ಚು ಕುಡಿಯುತ್ತದೆಂದು ಎಲ್ಲೋ ಓದಿದ್ದೆ. ಆದ್ದರಿಂದ ಯಜಮಾನರ ಎಡಗೈ ಗೇರಿನ ಕಡೆ ಸರಿದರೆ ಸಾಕು, ನಾನು ಸಣ್ಣಗೆ ಕೆಮ್ಮುತ್ತಿದ್ದೆ. ಕೈ ತಾನಾಗಿ ಸ್ಟಿಯರಿಂಗಿಗೆ ವಾಪಸಾಗುತ್ತಿತ್ತು. ಅಂಥ ಹೊಂದಾಣಿಕೆ ನಮ್ಮದು.

ಯುಗಾದಿ ಊಟಕ್ಕೆ ಎಲ್ಲರೂ ಕೂತಿದ್ದಾಗ ಮೈದುನ ಕೇಳಿದ: "ಏನತ್ತಿಗೆ, ಕಾರು ಇನ್ನೂ ಕಡಲೆಬೀಜ ಹುರೀತಾ ಐತಾ?"

"ದೀಪಾವಳಿಯೊಳಗೆ ಅದನ್ನ ನಿಲ್ಲಿಸ್ತೀನಿ. ಇಲ್ಲದಿದ್ರೆ ಇಂಜಿನ್ ಪೂರಾ ಹಾಳಾಗೋ ಮುಂಚೆ ಮಾರಿಬಿಡೋಣ" ಎಂದೆ. ಎಲೆಯಿಂದ ಬಾಯಿಗೆ ಹೊರಟಿದ್ದ ಯಜಮಾನರ ಹೋಳಿಗೆ ದಾರಿಯಲ್ಲೇ ನಿಂತಿತು.

ಮೈದುನ, "ತಗೊಳ್ಳೋರು ಒಬ್ರವ್ರೆ" ಎಂದ. ನಾನು ವಿಜ್ಞಾನದ ಮೇಲೆ ಭಾರ ಹಾಕಿ, ಇನ್ನಷ್ಟು ತುಪ್ಪ ಬಡಿಸಿದೆ.

ಬಂಕಿನಲ್ಲಿ ಪಾಠ

ಕಾರಿನ ಜೊತೆ ಬಂದ ಹಳೇ ಪುಸ್ತಕದಲ್ಲಿ ಆಕ್ಟೇನ್ ತೊಂಬತ್ತರ ಮೇಲಿರಬೇಕೆಂದು ಬರೆದಿತ್ತು. ಕನಕಪುರ ರಸ್ತೆಯ ಬಂಕಿಗೆ ಹೋಗಿ, ಪೈಪು ಹಿಡಿದವನನ್ನು ಕೇಳಿದೆ: "ನಿಮ್ಮ ಪೆಟ್ರೋಲಿನ ಆಕ್ಟೇನ್ ಎಷ್ಟು?"

"ಆಕ್ಟೇನ್ ಬಂದಿಲ್ಲಕ್ಕ. ಸಾದಾ ಐತೆ, ಪ್ರೀಮಿಯಂ ಐತೆ."

"ಆಕ್ಟೇನ್ ಬೇರೆ ಪೆಟ್ರೋಲಲ್ಲಪ್ಪ, ಅದು ಅವಸರಕ್ಕೆ ಉರಿಯದಂತೆ ತಡೆಯೋ ಪೆಟ್ರೋಲಿನ ಗುಣ" ಎಂದು ಕಾರಿನಿಂದ ಇಳಿದೆ. ಆ ಕಾರಿನಿಂದ ಇಳಿಯುವುದೆಂದರೆ ಬಾವಿಯಿಂದ ಮೇಲೆ ಬಂದಂತೆ. ಅಷ್ಟು ಕಷ್ಟಪಟ್ಟು ಎದ್ದ ಮೇಲೆ ಎರಡು ಮಾತಿಗೆ ಮುಗಿಸಲು ಮನಸ್ಸು ಬರಲಿಲ್ಲ. ಇಂಗಾಲದ ಎಂಟು ಪರಮಾಣುಗಳಿಂದ ಆರಂಭಿಸಿದೆ. ಕಾರ್ಖಾನೆಯ ಪಾಳಿ ಬಿಡುವ ಸಮಯ. ನಮ್ಮ ಹಿಂದೆ ಬೈಕುಗಳು, ಟೆಂಪೋಗಳು, ಹಾರನ್ನುಗಳು. ನಾನು ಕವಲೊಡೆದ ಸರಪಳಿಗಳ ತನಕ ಬಂದಾಗ ಮೊಪೆಡ್ ಮೇಲಿದ್ದ ಹಿರಿಯರೊಬ್ಬರು ಮುಂದೆ ಬಂದರು. ಕೊನೆಗೂ ಆಸಕ್ತಿ ಇರುವವರು ಒಬ್ಬರು ಸಿಕ್ಕರೆಂದುಕೊಂಡೆ.

"ತಾಯಿ, ಪಾಠ ಚೆನ್ನಾಗಿ ಮಾಡ್ತೀರಿ" ಎಂದು ಅವರು ಕೈ ಮುಗಿದರು. "ನಮ್ ಮೊಮ್ಮಗಳ್ನ ನಿಮ್ ಮನೇಗೇ ಕಳಿಸ್ತೀನಿ. ಈಗ ಒಸಿ ಪಕ್ಕಕ್ಕೆ ಬನ್ನಿ."

ನುಸಿಗುಳಿಗೆ

ಪ್ರೀಮಿಯಂ ಹಾಕಿಸಿದ ಮೇಲೆ ಸದ್ದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹಾಗಾದರೆ ಆಕ್ಟೇನ್ ಇನ್ನೂ ಏರಬೇಕು. ಕಾಲೇಜಿನ ಪಾಠ ನೆನಪಿಗೆ ಬಂತು. ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತೇವಲ್ಲ, ಆ ನುಸಿಗುಳಿಗೆ ನಾಫ್ತಲೀನ್. ಅದರ ಜಾತಿಯ ರಾಸಾಯನಿಕಗಳು ಆಕ್ಟೇನ್ ಏರಿಸುತ್ತವೆ. ಬೀರುವಿನಲ್ಲಿದ್ದವನ್ನೆಲ್ಲ ತಂದು ಟ್ಯಾಂಕಿಗೆ ಹಾಕಿದೆ.

ಯಜಮಾನರು, "ಹೌದಾ?" ಎಂದರು.

ಅದೇ ದಿನ ರಾಮನಗರದ ಹತ್ತಿರ ನಾದಿನಿಯ ಮನೆಗೆ ಊಟಕ್ಕೆ ಹೋಗಬೇಕಿತ್ತು. ದಾರಿಯುದ್ದಕ್ಕೂ ಕಾರು ಕಟಕಟ ಅನ್ನುತ್ತಲೇ ಇತ್ತು, ಈಗ ಹೊಗೆಯ ಜೊತೆಗೆ ಹಳೇ ಟ್ರಂಕಿನ ವಾಸನೆಯೂ ಸೇರಿತ್ತು. ನಾದಿನಿ ರೇಷ್ಮೆಹುಳ ಸಾಕುವವಳು. ಹುಳದ ಮನೆಯ ಬಳಿ ಘಾಟು ವಾಸನೆ ಸುಳಿಯಬಾರದು; ಅಗರಬತ್ತಿಯನ್ನೂ ಹಚ್ಚುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ನೆನಪಾದದ್ದು, ಅವಳು ಸೆರಗನ್ನು ಮೂಗಿಗೆ ಹಿಡಿದು ಗೇಟಿನತ್ತ ಓಡಿ ಬಂದಾಗ.

"ಅಲ್ಲೇ ನಿಲ್ಸಿ! ಅಣ್ಣ, ಅಲ್ಲೇ! ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದು ಸೊಪ್ಪು ತಿಂತಾವೆ! ಹಿಂದಕ್ಕೆ ತಗಳಿ, ಆ ಹುಣಸೆ ಮರದ ತಾವಕ್ಕೆ!"

ಕಾರು ಹಿಂದಕ್ಕೆ ಹೋಯಿತು. ನಾವಿಬ್ಬರೂ ಇಳಿದು ನಡೆದು ಬಂದೆವು. ಅವಳು ಮತ್ತೆ ಮೂಗು ಮುಚ್ಚಿಕೊಂಡಳು.

"ಅತ್ತಿಗೆ, ತಪ್ಪು ತಿಳ್ಕಬ್ಯಾಡಿ. ನಿಮ್ ಮೈಯೂ ನಾರ್ತೈತೆ. ನೀವೂ ಮರದ ತಾವ್ಲೇ ಇರಿ, ಊಟ ಅಲ್ಲಿಗೇ ಕಳಿಸ್ತೀನಿ."

ಹುಣಸೆ ಮರದಡಿ ಕೂತು ಮುದ್ದೆ, ಬಸ್ಸಾರು ಉಂಡೆವು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, "ಕಾರು ಕೆಟ್ಟೋಯ್ತಾ?" ಎಂದರು.

"ಇಲ್ಲ, ಔಷಧಿ ಕುಡಿದೈತೆ" ಎಂದರು ಯಜಮಾನರು. ಆ ದಿನ ಅವರು ಆಡಿದ ಅತಿ ಉದ್ದದ ಮಾತು ಅದು.

ಹೆದರುವ ಇಂಜಿನ್

ಟ್ಯಾಂಕು ತೊಳೆಸಲು ಚನ್ನಪಟ್ಟಣದ ಸಾಬರ ಗ್ಯಾರೇಜಿಗೆ ಒಯ್ದೆವು. ಅವರು ಗುಳಿಗೆ ಕರಗಿದ ಪೆಟ್ರೋಲನ್ನೆಲ್ಲ ಚೆಲ್ಲಿ, ಇಂಜಿನ್ನಿನಲ್ಲಿ ಕಿಡಿ ಹೊತ್ತುವ ಟೈಮಿಂಗ್ ಸರಿಮಾಡಿ, ಪ್ರೀಮಿಯಂ ತುಂಬಿ ಓಡಿಸಿಕೊಂಡು ಬಂದರು.

"ಅಮ್ಮಾ, ಇಲ್ಲೇ ಊರಾಚೆ ದಿಬ್ಬ ಹತ್ತಿಸ್ದೆ, ಇಳಿಸ್ದೆ. ಒಂದು ಸದ್ದಿಲ್ಲ."

ನಾವಿಬ್ಬರೂ ಕೂತು ಅದೇ ದಿಬ್ಬಕ್ಕೆ ಹೋದೆವು. ಕಟಕಟಕಟ. ವಾಪಸ್ ಬಂದು ಹೇಳಿದೆ. ಸಾಬರು ಮತ್ತೆ ಹೋಗಿ ಬಂದರು. ಸದ್ದಿಲ್ಲವಂತೆ. ನಾವು ಹೋದೆವು. ಇತ್ತು. ಇರುವುದು ಎರಡೇ ಸೀಟಾದ್ದರಿಂದ ಒಟ್ಟಿಗೆ ಹೋಗಿ ಕೇಳುವಂತೆಯೂ ಇರಲಿಲ್ಲ.

"ನೀವು ಒಮ್ಮೆ ಕಿವಿ ತೋರಿಸ್ಕೊಳ್ಳಿ" ಎಂದೆ, ಗೌರವದಿಂದಲೇ.

"ತೋರಿಸ್ತೀನಮ್ಮಾ. ಆದ್ರೆ ಗಾಡಿ ನಿಮ್ಮನ್ನ ಕಂಡ್ರೆ ಹೆದ್ರೋ ಹಂಗೆ ಕಾಣ್ತದೆ."

"ಇಂಜಿನ್ನಿಗೆ ಹೆದರಿಕೆ ಅನ್ನೋದು ಇರಲ್ಲ" ಎಂದು ತಿದ್ದಿದೆ. ಯಜಮಾನರು ಯಾಕೋ ಟೈರು ನೋಡುತ್ತಿದ್ದರು.

ದಿಬ್ಬ

ದೀಪಾವಳಿ ಬಂತು. ಕೊಳ್ಳುವವರು ಸಂಜೆ ಬರುತ್ತಾರೆಂದು ಮೈದುನ ಹೇಳಿದ್ದ. ಕೊನೆಯ ಪರೀಕ್ಷೆಗೆ ಮನೆಯವರೆಲ್ಲ ಟ್ರಾಕ್ಟರಿನಲ್ಲಿ ಮರಳವಾಡಿ ದಾರಿಯ ದಿಬ್ಬದ ಬುಡಕ್ಕೆ ಬಂದರು. ಯಜಮಾನರು ಬೆಳಿಗ್ಗೆಯೇ ಕಾರು ತೊಳೆದು, ಒರೆಸಿ, ಚೆಂಡುಹೂವಿನ ಹಾರ ಹಾಕಿದ್ದರು. ಹಬ್ಬಕ್ಕೋ ಬೀಳ್ಕೊಡುಗೆಗೋ, ಕೇಳುವ ಧೈರ್ಯ ನನಗಾಗಲಿಲ್ಲ.

ನಾನು ಹತ್ತಿದೆ. ಏರು ಶುರುವಾಯಿತು. ಅವರ ಕೈ ಗೇರಿನ ಕಡೆ ಸರಿಯಿತು. ನಾನು ಅಭ್ಯಾಸದಂತೆ ಕೆಮ್ಮಿದೆ. ಕೈ ವಾಪಸಾಯಿತು. ಕಟಕಟಕಟ.

ಕೆಳಗೆ ಬಂದು ಇಳಿದೆ. "ನಾನು ಸೋತೆ. ಮಾರಿಬಿಡೋಣ" ಎಂದೆ. ಯಜಮಾನರು ತಲೆಯಾಡಿಸಿ, ಬಾನೆಟ್ಟಿನ ಮೇಲೆ ಬಿದ್ದಿದ್ದ ಒಂದು ಎಸಳನ್ನು ತೆಗೆದರು.

"ತಡೀರಿ" ಎಂದರು ನಮ್ಮತ್ತೆ. "ಮಾರಾದೇ ಆದ್ರೆ ನಾನೂ ಒಂದ್ಸಲ ಕೂತ್ಕಂಬುಡ್ತೀನಿ."

ನಾವು ನಾಲ್ವರು ಸೇರಿ ಅವರನ್ನು ಸೀಟಿನೊಳಗೆ ಇಳಿಸಿದೆವು. ಕಾರು ಹೊರಟಿತು. ನಾನು ಕಿವಿಗೊಟ್ಟು ನಿಂತೆ. ಏರು ಬಂತು, ಇಂಜಿನ್ ಒಮ್ಮೆ ಗುಂಯ್ ಎಂದು ದನಿ ಏರಿಸಿತು, ಅಷ್ಟೇ. ಒಂದು ಕಡಲೆಬೀಜದ ಸದ್ದೂ ಇಲ್ಲದೆ ಕೆಂಪು ಕಾರು ದಿಬ್ಬ ದಾಟಿ ಮರೆಯಾಯಿತು.

ಮೈದುನ ನನ್ನ ಕಡೆ ತಿರುಗಿದ. ನಾನು, "ತೂಕ ಕಡಿಮೆ ಇದೆಯಲ್ಲ, ಅತ್ತೇದು" ಎಂದೆ.

ಕಾರು ಮರಳಿ ಬಂತು. ಅತ್ತೆ ಒಳಗಿಂದಲೇ, "ಅವನು ಆ ಕಡ್ಡಿಯ ಎಳ್ದ, ಇದು ವಂಟೋಯ್ತು. ಅವ್ಳ ಜೊತೇಲಿ ಯಾಕ್ಲಾ ಇಂಗೆ ಸದ್ದಿಲ್ದೆ ಹತ್ತಿಸ್ಲಿಲ್ಲ ಅಂದ್ರೆ, ಎಳೆಯಾಕೋದ್ರೆ ಕೆಮ್ತಾಳೆ ಅಂತಾನೆ" ಎಂದರು.

ನಾನು ಯಜಮಾನರನ್ನು ನೋಡಿದೆ.

"ಏರಲ್ಲಿ ಟಾಪ್ ಗೇರಲ್ಲೇ ಎಳೆದ್ರೆ ಯಾವ ಪೆಟ್ರೋಲ್ ಹಾಕಿದ್ರೂ ಕಟಕಟ ಅನ್ನುತ್ತೆ ಕಣೆ" ಎಂದರು ಮೆಲ್ಲಗೆ. "ನಾನೊಬ್ಬನೇ ಇದ್ದಾಗ ಗೇರ್ ಇಳಿಸ್ತೀನಿ. ಸಾಬರೂ ಇಳಿಸ್ತಾರೆ. ನೀನಿದ್ದಾಗ..."

"ಮತ್ತೆ ಯುಗಾದಿಯಿಂದ ಬಾಯಿ ಬಿಡಲಿಲ್ಲವಲ್ಲ! ಕಾರೇ ಹೋಗ್ತಿತ್ತಲ್ಲ!"

"ಆಕ್ಟೇನ್ ಹೇಳುವಾಗ ನಿನ್ ಮುಖ ಅಷ್ಟು ಖುಷಿಯಾಗಿರ್ತಿತ್ತು" ಎಂದರು. "ಕಾರಿಗೇನು ಬಿಡು."

ಟ್ರಾಕ್ಟರಿನ ಮೇಲಿದ್ದವರೆಲ್ಲ ನಕ್ಕು ನಕ್ಕು ಒಬ್ಬರನ್ನೊಬ್ಬರು ಹಿಡಿದುಕೊಂಡರು. ನಾನು ಮತ್ತೆ ಕಾರು ಹತ್ತಿ, ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಅವರ ಕೈ ಗೇರಿನತ್ತ ಹೋಯಿತು, ಅಲ್ಲೇ ನಿಂತು ನನ್ನನ್ನು ನೋಡಿತು, ಆಮೇಲೆ ಇಳಿಸಿತು. ಗಂಟಲು ಕೆರೆದರೂ ತಡೆದುಕೊಂಡೆ. ಕಾರು ಬೆಣ್ಣೆಯ ಹಾಗೆ ದಿಬ್ಬ ಏರಿತು.

ಕೊಳ್ಳುವವರು ಸಂಜೆ ಬಂದು ಕಜ್ಜಾಯ ತಿಂದು ಹೋದರು.

ಒಂದು ಮಾತು ಸ್ಪಷ್ಟವಾಗಿರಲಿ: ಆಕ್ಟೇನಿನ ವಿಷಯದಲ್ಲಿ ನಾನು ತಪ್ಪಿರಲಿಲ್ಲ. ಸಾದಾ ಪೆಟ್ರೋಲ್ ಹಾಕಿದರೆ, ಗೇರ್ ಇಳಿಸಿದರೂ ಆ ಇಂಜಿನ್ ಬಡಿಯುತ್ತದೆ. ಆಮೇಲೆ ಪರೀಕ್ಷೆ ಮಾಡಿ ನೋಡಿ, ಅದೇ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಪ್ರಾಮಾಣಿಕತೆಗಾಗಿ ಅದರ ಕೆಳಗೇ ಇದನ್ನೂ ಬರೆದೆ: "ದೋಷ: ಚಾಲಕನ ಎಡಗಡೆಯ ಸೀಟಿನಲ್ಲಿ. ಸರಿಪಡಿಸಲಾಗಿದೆ."

ಮಾರನೆಯ ದಿನ ನೋಡಿದರೆ, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಯಜಮಾನರ ದುಂಡನೆಯ ಅಕ್ಷರದಲ್ಲಿ ಒಂದೇ ಪದ ಇತ್ತು: "ಭಾಗಶಃ."